ಕಾರ್ಲ್ಸ್‌ರುಹೆಯ ಕೆಂಪು ಹಳದಿ

ನಿನ್ನೆ ನಾಟಿಂಗ್‌ಹ್ಯಾಮ್ ಪಕ್ಕದ ನಮ್ಮ ಬೀಸ್ಟನ್ನಿನ ಚಾರಿಟಿ ಅಂಗಡಿಯ ಗಾಜಿನ ಹಿಂದೆ ಕೆಂಪು ಹಳದಿಯ ಮಫ್ಲರ್ ಒಂದನ್ನು ಕಂಡು ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಮರುಕ್ಷಣವೇ ಸಡಿಲಬಿಟ್ಟೆ. ಈ ಎರಡು ಬಣ್ಣಗಳನ್ನು ನಂಬಿ ನಾನು ಒಮ್ಮೆ ತುಂಬಿದ ಸಭೆಯಲ್ಲಿ ಬೇಸ್ತುಬಿದ್ದವನು ನೋಡಿ.

ಅದು ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ವೇದಿಕೆಯ ಅಲಂಕಾರ ಧಾರವಾಡದ ಗುರುರಾಜಣ್ಣನದು. ಅವರಿಗೆ ಮ್ಯಾಕಲ್ಸ್‌ಫೀಲ್ಡಿನಲ್ಲಿ ಔಷಧ ಕಾರ್ಖಾನೆಯ ಕೆಲಸ; ಅಲ್ಲೇ ದೊಡ್ಡ ಮನೆ ಕೊಂಡಿದ್ದರು. ಹೆಂಡತಿ ಶಾಂತಕ್ಕ ಮಾತ್ರ ಬೀಸ್ಟನ್ನಿನ ಪುಟ್ಟ ಮನೆಯನ್ನೂ ಫಾರ್ಮಸಿ ಕೆಲಸವನ್ನೂ ಬಿಟ್ಟು ಕದಲಲಿಲ್ಲ. ಆ ಹೊಸ ಮನೆಯನ್ನು ನೋಡಲೂ ಹೋಗಿರಲಿಲ್ಲ. ಹೀಗಾಗಿ ಅಣ್ಣ ಪ್ರತಿ ಶುಕ್ರವಾರ ಬೆಟ್ಟದ ದಾರಿಯಲ್ಲಿ ಕಾರು ಓಡಿಸಿಕೊಂಡು ಬರುವುದು, ಭಾನುವಾರ ಮುಖ ಸಣ್ಣದು ಮಾಡಿಕೊಂಡು ಹೋಗುವುದು.

ಅಂದು ಅವರು ಎಲ್ಲಿಂದಲೋ ತಂದ ದೊಡ್ಡ ಬಾವುಟ ಭುವನೇಶ್ವರಿಯ ಪಟದ ಹಿಂದೆ ಹರಡಿತ್ತು. ಕೆಂಪು ಬಟ್ಟೆ, ನಡುವೆ ಓರೆಯಾಗಿ ಹಳದಿ ಪಟ್ಟಿ, ಪಟ್ಟಿಯ ಮೇಲೆ ಕಪ್ಪು ಅಕ್ಷರ. ಹಳದಿ ಮೇಲಿರಬೇಕಲ್ಲವೇ ಎಂದು ಯಾರೋ ಗೊಣಗಿದರು. ಇದು ಹೊಸ ಡಿಸೈನು, ಅಕ್ಷರ ಬಟ್ಟೆ ಗಿರಣಿಯ ಹೆಸರಿರಬೇಕು ಎಂದು ಕಾರ್ಯದರ್ಶಿಯಾದ ನಾನೇ ಸಮಾಧಾನ ಹೇಳಿ, ಅದರೆದುರು ನಿಂತು ಏರುದನಿಯಲ್ಲಿ ನಾಡಗೀತೆ ಹಾಡಿದೆ.

ಹಾಡು ಮುಗಿದಾಗ, ಶಾಂತಕ್ಕನ ಜೊತೆ ಕೆಲಸ ಮಾಡುವ ಜರ್ಮನಿಯ ಇಂಗ್ರಿಡ್ ಕಣ್ಣೊರೆಸಿಕೊಳ್ಳುತ್ತಿದ್ದಳು. ಮನಸ್ಸು ತುಂಬಿ ಬಂತೆಂದುಕೊಂಡೆ. ಅಲ್ಲ, ನಗು ತಡೆಯುತ್ತಿದ್ದಳು. ಅದು ಅವಳೂರು ಕಾರ್ಲ್ಸ್‌ರುಹೆಯ ಲಾಂಛನವಂತೆ. ನಾಟಿಂಗ್‌ಹ್ಯಾಮಿಗೆ ಅದು ಸೋದರಿ ನಗರ, ಆ ನಂಟಿನಿಂದ ಬಾವುಟ ಇಲ್ಲಿಗೆ ಬಂದಿರಬೇಕು. ಬೇಟೆಗೆ ಹೋದ ದೊರೆಯೊಬ್ಬ ಕಾಡಿನಲ್ಲಿ ಮಲಗಿ, ಕನಸು ಕಂಡು, ಅಲ್ಲೇ ಅರಮನೆ ಕಟ್ಟಿಸಿದನೆಂದು ಕಥೆ. ಕೆಂಪು ಹಳದಿ ಅವನ ನಾಡಿನ ಬಣ್ಣ. ಅಡಿಗಲ್ಲಿಟ್ಟ ದಿನವೇ ಅವನು ಆರಂಭಿಸಿದ ಗೌರವ ಪದವಿಯ ಧ್ಯೇಯದ ಮಾತು ಪಟ್ಟಿಯ ಮೇಲಿರುವುದು: ಫಿಡೆಲಿಟಾಸ್, ಅಂದರೆ ನಿಷ್ಠೆ.

ದೊರೆಯ ಹೆಂಡತಿ ಏನಾದಳೆಂದು ಶಾಂತಕ್ಕ ಕೇಳಿದರು. ಅವಳು ಹೊಸ ಅರಮನೆಗೆ ಬರಲೇ ಇಲ್ಲ, ಪಕ್ಕದೂರಿನ ಹಳೆಯ ಮನೆಯಲ್ಲೇ ಉಳಿದಳು ಎಂದಳು ಇಂಗ್ರಿಡ್.

ಶಾಂತಕ್ಕ ಗಂಡನ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ಅರಮನಿ ಕಟ್ಟಿಸಿದ್ರೂ ಆಕಿ ಹೋಗಲಿಲ್ಲಂತ."

ಅಣ್ಣ ಬಾವುಟ ಮಡಚುತ್ತಿದ್ದರು. "ಆ ದೊರಿ ಶುಕ್ರವಾರಕ್ಕೊಮ್ಮೆ ಬರ್ತಿದ್ದನೇನು, ಅದನ್ನೂ ಕೇಳು."

ಇಂಗ್ರಿಡ್‌ಗೆ ಅದು ಗೊತ್ತಿರಲಿಲ್ಲ. ನಾವೆಲ್ಲ ನಕ್ಕೆವು, ಗಂಡ ಹೆಂಡತಿ ಇಬ್ಬರೂ ನಗಲಿಲ್ಲ.

ಮುಂದಿನ ಶುಕ್ರವಾರ ಶಾಂತಕ್ಕ ಯಾರಿಗೂ ಹೇಳದೆ ರೈಲು ಹತ್ತಿದರು. ಅಣ್ಣ ಎಂದಿನಂತೆ ಇಲ್ಲಿಗೆ ಬಂದು, ಖಾಲಿ ಮನೆ ಕಂಡು, ಗಾಬರಿಯಿಂದ ನಮ್ಮಲ್ಲಿಗೆ ಬಂದು ಫೋನ್ ಮಾಡಿದರು. ಎಲ್ಲಿದ್ದೀ ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಉತ್ತರ ನನಗೂ ಕೇಳಿಸಿತು.

"ನಿಮ್ಮ ಅರಮನಿ ಮೆಟ್ಟಿಲ ಮ್ಯಾಲ ಕೂತೇನಿ. ಥಂಡಿ ಅದ, ಲಗೂನ ಬರ್ರಿ."

ಕೈಯಲ್ಲಿದ್ದ ಚಹಾ ನನಗೇ ಕೊಟ್ಟು ಅಣ್ಣ ಕಾರಿಗೆ ಓಡಿದರು.

ಈಗ ಒಂದು ಶುಕ್ರವಾರ ಅಣ್ಣ ಇಲ್ಲಿಗೆ, ಮುಂದಿನ ಶುಕ್ರವಾರ ಶಾಂತಕ್ಕ ಅಲ್ಲಿಗೆ. ಅಲ್ಲಿಯ ಕೀಲಿ ನಿಮಗೂ ಒಂದು ಕೊಟ್ಟಿದ್ದಾರಾ ಎಂದು ಶಾಂತಕ್ಕನನ್ನು ನಿನ್ನೆ ಸಂಜೆ ಕೇಳಿದೆ.

"ಕೊಟ್ಟಾರ್ರಿ. ಆದ್ರೂ ನಾ ಬೆಲ್ ಒತ್ತತೇನಿ. ಅವರೇ ಬಂದು ಬಾಗಲಾ ತಗೀಲಿ."