ಮಾವನ ಎಲೆತೋಟಕ್ಕೆ ಹೊಗೆ ಕವಿದಾಗ

ನನ್ನ ಮಾವ ಆಂಜಿನಪ್ಪನವರಿಗೆ ಸಿಟ್ಟೆಂಬುದೇ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ನಾನು ಮದುವೆಯಾಗಿ ಪುಟ್ಟೇನಹಳ್ಳಿಗೆ ಬಂದ ವಾರಕ್ಕೇ ಅತ್ತೆ ಮುನಿಶಾಮಮ್ಮ, "ಇವ್ಳಿಗೆ ಮೂಗಿನ ತುದೀಲೇ ಕೋಪ" ಎಂದು ಊರಿಗೆಲ್ಲ ಸಾರಿದ್ದರು. ಮಾವ ಮಾತ್ರ, "ಇರ್ಲಿ ಬಿಡು, ಮನೇಲಿ ಒಬ್ರಿಗಾದ್ರೂ ಇರ್ಬೇಕು" ಎಂದು ನಕ್ಕಿದ್ದರು.

ಅವರ ಜೀವವೆಲ್ಲ ಕೆರೆಯ ಕೆಳಗಿನ ವೀಳ್ಯದೆಲೆ ತೋಟದಲ್ಲಿತ್ತು. ಅಗಸೆ ಮರಕ್ಕೆ ಹಬ್ಬಿಸಿದ ಬಳ್ಳಿಗಳನ್ನು ಹೆಣ್ಣುಮಗುವಿಗೆ ಜಡೆ ಹಾಕುವಷ್ಟು ನಾಜೂಕಾಗಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಎಲೆತೋಟಕ್ಕೆ ಒಂದು ಕಟ್ಟಳೆ: ಹೆಂಗಸರು ಒಳಗೆ ಕಾಲಿಡುವಂತಿಲ್ಲ. ಮುಟ್ಟಾದವಳ ನೆರಳು ತಾಕಿದರೂ ಬಳ್ಳಿ ಬಾಡುತ್ತದಂತೆ. ಬೇಲಿಯಾಚೆ ನಿಂತು ಬುತ್ತಿ ಕೊಟ್ಟು ಬರಬೇಕು. ಕೊಯ್ದ ಎಲೆಯನ್ನು ಜೋಡಿಸಿ ಕಟ್ಟು ಕಟ್ಟುವುದಕ್ಕೆ ಮಾತ್ರ ನಾವೇ ಆಗಬೇಕು! ಯಾವ ಸೀಮೆ ನ್ಯಾಯವೋ.

ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ಯಾರೋ ಗುತ್ತಿಗೆದಾರ ತೋಟದ ಪಕ್ಕದಲ್ಲೇ ಇಟ್ಟಿಗೆ ಗೂಡು ಹಾಕಿಸಿ ಕಲ್ಲಿದ್ದಲಿಗೆ ಬೆಂಕಿ ಕೊಟ್ಟ. ಅದೇ ವಾರ ನಾನು ಹೊರಗಾಗಿದ್ದೆ. ಸಂಜೆ ಬೇಲಿಯ ಪಕ್ಕದ ದಾರಿಯಲ್ಲಿ ಬರುವಾಗ ನನ್ನ ನೆರಳು ಉದ್ದಕ್ಕೆ ತೋಟದೊಳಗೆ ಬಿತ್ತು. ಅತ್ತೆ ನೋಡಿದರು. ಕೆಲವೇ ದಿನಗಳಲ್ಲಿ, ಮಧ್ಯಾಹ್ನವಾದರೆ ಸಾಕು, ಎಲೆಗಳು ಜೋತುಬೀಳತೊಡಗಿದವು. ಇನ್ನು ಕೇಳಬೇಕೆ?

ನೀರು ಸಾಲದೆಂದುಕೊಂಡು ಮಾವ ನೀರು ಕಟ್ಟಿದರು. ಮತ್ತೂ ಕಟ್ಟಿದರು. ಬುಡವೆಲ್ಲ ಕೆಸರಾಯಿತು, ಎಲೆ ಬಾಡುತ್ತಲೇ ಹೋಯಿತು. "ಬುಡದಾಗೆ ನೀರು ನಿಂತೈತೆ, ಎಲೆ ಬಾಯಾರಿ ಸಾಯ್ತಾ ಐತೆ. ಇದು ಮೈಲಿಗೆ ಅಲ್ದೆ ಇನ್ನೇನು?" ಎಂದು ಅತ್ತೆ ಎದೆ ಬಡಿದುಕೊಂಡರು. ತಿಂಗಳು ತುಂಬುವಷ್ಟರಲ್ಲಿ ತೀರ್ಮಾನವಾಯಿತು: ಬಳ್ಳಿ ಚಿಗುರುವವರೆಗೆ ನಾನು ಹುಣಸಮಾರನಹಳ್ಳಿಯ ತವರಿನಲ್ಲಿರಬೇಕು. ಚಿಗುರದೇ ಹೋದರೆ? ಅದನ್ನು ಯಾರೂ ಹೇಳಲಿಲ್ಲ. ನನ್ನ ಗಂಡ ಕದಿರಪ್ಪ ಅಮ್ಮನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ನಾನು ಅಳುತ್ತಲೇ ಸೀರೆಗಳನ್ನು ಗಂಟು ಕಟ್ಟಿದೆ.

ಮಾವ ಎದ್ದು ಹೋದಾಗ, ಇವರೂ ಕೈಬಿಟ್ಟರಲ್ಲ ಎಂದುಕೊಂಡೆ. ಅವರು ಹೋಗಿದ್ದು ಹೆಬ್ಬಾಳಕ್ಕೆ, ಬಾಡಿದ ಎಲೆಗಳನ್ನು ಒದ್ದೆ ಟವಲಿನಲ್ಲಿ ಸುತ್ತಿಕೊಂಡು. ಮಧ್ಯಾಹ್ನಕ್ಕೆ ಕೃಷಿ ಕಾಲೇಜಿನ ಮೇಷ್ಟ್ರು ಶೇಷಗಿರಿಯವರನ್ನು ಸೈಕಲ್ ಸಮೇತ ಕರೆತಂದರು. ಮೇಷ್ಟ್ರು ಒಂದು ಎಲೆಯನ್ನು ಕರವಸ್ತ್ರದಿಂದ ಒರೆಸಿದರು. ಬಟ್ಟೆ ಕರ್ರಗಾಯಿತು. ಗೂಡಿನ ಕಡೆ ನೋಡಿ ಕೆಮ್ಮಿದರು.

"ಎಲೆ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರ್ತವೆ ಆಂಜಿನಪ್ಪ. ಎಲೆಯ ನೀರು ಆವಿಯಾಗಿ ಹೋಗೋದು ಅದರಲ್ಲೇ. ನೀರು ಸಾಲದೆ ಹೋದ್ರೆ ಗಿಡ ತಾನೇ ಅವನ್ನ ಮುಚ್ಕೊಳ್ಳುತ್ತೆ. ಈ ಕಲ್ಲಿದ್ದಲಿನ ಗಂಧಕದ ಹೊಗೆ ತಾಕಿ, ಮೇಲೆ ಮಸಿನೂ ಕೂತ್ರೆ, ಸರಿಯಾಗಿ ಮುಚ್ಚಲ್ಲ ಅಂತ ಕಾಣುತ್ತೆ. ಬೇರು ಕುಡಿದಿದ್ದೆಲ್ಲ ಸೋರಿಹೋಗುತ್ತೆ. ಇದರ ಪೂರ್ತಿ ಗುಟ್ಟು ನಮಗೂ ಇನ್ನೂ ತಿಳಿದಿಲ್ಲ. ನೀರು ಕಮ್ಮಿ ಮಾಡಿ, ಬೆಳಗ್ಗೆ ಹೊತ್ತು ಎಲೆ ತೊಳೀರಿ. ಎಷ್ಟು ಉಳಿಯುತ್ತೋ ಹೇಳಕ್ಕಾಗಲ್ಲ."

ಮೇಷ್ಟ್ರು ಅತ್ತ ಹೋಗುತ್ತಲೇ ಅತ್ತೆ ಮೂತಿ ತಿರುವಿದರು. "ಎಲೆಗೆ ಬಾಯಂತೆ! ಈ ಮನೇಲಿರೋ ಬಾಯಿ ಸಾಲ್ದಾ?"

ಮರುದಿನ ಬೆಳಗ್ಗೆ ಅತ್ತೆ ನನ್ನನ್ನು ಬಸ್ಸಿಗೆ ಬಿಡಲು ಹೊರಟರು. ತೋಟದ ಬಾಗಿಲಲ್ಲಿ ಮಾವ ನಿಂತಿದ್ದರು.

"ಎಲ್ಲಿಗವ್ವ? ಇಷ್ಟೊಂದು ಎಲೆ ತೊಳೆಯಾದು ನನ್ನೊಬ್ನ ಕೈಲಿ ಆಯ್ತದಾ? ಒಳಕ್ ಬಾ."

ಕೋಪದಲ್ಲಿ ನನಗೆ ನಾಚಿಕೆಯೂ ಹಾರಿಹೋಯಿತು. "ನಾನು ಇವತ್ತು ಹೊರಗಾಗಿದೀನಿ ಮಾವ. ನಾಳೆ ಇದು ಸತ್ರೆ ಮತ್ತೆ ನನ್ ತಲೆಗೇ ಕಟ್ತೀರ!"

"ಸತ್ರೆ ಸಾಯ್ಲಿ. ಬಳ್ಳಿ ಓದ್ರೆ ಇನ್ನೊಂದು ನೆಡ್ತೀನಿ. ಒಗೆ ಮಾಡಿದ್ ಪಾಪಕ್ಕೆ ನಮ್ಮನೆ ಮಗೀನ ಅಳಿಸ್ಲಾ?" ಎನ್ನುತ್ತ ಮಾವ ನನ್ನ ಕೈಯಿಂದ ಗಂಟು ಕಸಿದುಕೊಂಡರು.

ನನ್ನ ಅಪ್ಪನೂ ನನಗೆ ಹಾಗೆ ಹೇಳಿರಲಿಲ್ಲ. ಬಿಕ್ಕುತ್ತಲೇ ಒಳಗೆ ಹೋಗಿ ಒದ್ದೆ ಬಟ್ಟೆ ಹಿಡಿದು ಎಲೆ ಒರೆಸತೊಡಗಿದೆ. ಮುಂದೆ ಅರ್ಧ ತೋಟ ಹೋಯಿತು; ಉಳಿದರ್ಧ ಮಳೆಗಾಲಕ್ಕೆ ಗೂಡು ಆರಿದ ಮೇಲೆ ಚೇತರಿಸಿಕೊಂಡಿತು. ಆದರೆ ಆ ಬೆಳಗ್ಗೆ ಅದ್ಯಾವುದೂ ನಮಗೆ ಗೊತ್ತಿರಲಿಲ್ಲ.

ಅತ್ತೆ ಬೈಯುತ್ತಾರೆಂದು ಕಾದೆ. ತಿರುಗಿ ನೋಡಿದರೆ ಬೇಲಿ ಹಿಡಿದು ಒಳಗೇ ಇಣುಕುತ್ತಿದ್ದರು. ಆ ಮನೆಗೆ ಬಂದು ಅವರಿಗೆ ಮೂವತ್ತು ವರ್ಷವಾಗಿತ್ತು.

"ಇಗಾ," ಎಂದು ಮೆಲ್ಲಗೆ ಗಂಡನನ್ನು ಕರೆದರು. "ನಾನೂ ಒಂದ್ ಕಿತ ಒಳಕ್ ಬರ್ಲಾ?"

ಮಾವ ದಾರಿಗಡ್ಡವಿದ್ದ ಮುಳ್ಳು ಸರಿಸಿದರು. ಅತ್ತೆ ಸೆರಗು ಬಿಗಿಹಿಡಿದು ಬಂದು ನನ್ನ ಪಕ್ಕ ನಿಂತು, ಬಳ್ಳಿಗಳನ್ನು ಬುಡದಿಂದ ತುದಿಯವರೆಗೆ ನೋಡಿದರು.

"ಎಷ್ಟ್ ತಣ್ಣಗೈತಲ್ಲೇ ಇಲ್ಲಿ" ಎಂದು ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು.