ಧಾರೆಗೆ ಬಂದ ಅಪ್ಪ

ವಿಡಿಯೊ ಎಡಿಟ್ ಮಾಡುವ ಒಂದು ಉಚಿತ ತಂತ್ರಾಂಶದ ದೋಷಗಳನ್ನು ತಿದ್ದುವುದು ನನ್ನ ಬಿಡುವಿನ ಚಟ. ಅದರಲ್ಲಿ ದೆವ್ವ ಇದೆಯೆಂದು ದೂರು ಕೊಟ್ಟವರು ದೊಡ್ಡಬಳ್ಳಾಪುರದ ಸ್ಟುಡಿಯೊ ಮಾಲೀಕ ಷಫಿ ಮಾತ್ರ.

ಹೋಗಿ ನೋಡಿದೆ. ಮದುವೆಯ ವಿಡಿಯೊ. ಧಾರೆ ಎರೆಯುತ್ತಿದ್ದವರು ಹುಡುಗಿಯ ಚಿಕ್ಕಪ್ಪ. ಅವರ ಹಿಂದೆ, ತೀರಿಹೋಗಿದ್ದ ಅವಳಪ್ಪ ಕ್ಷಣಕಾಲ ಮಸುಕಾಗಿ ನಿಂತಿದ್ದರು.

"ಇದೇನ್ ಸಾರ್, ಮೆಷಿನ್ನಾ, ಇನ್ನೊಂದಾ?" ಷಫಿ ಕೇಳಿದರು.

ಮೆಷಿನ್ನೇ. ವೇಗ ಹೆಚ್ಚಲೆಂದು ಯಾರೋ, ಹಳೆಯ ಚಿತ್ರವನ್ನು ಅಳಿಸದೆ ಮೆಮೊರಿಯ ಅದೇ ಜಾಗದಲ್ಲಿ ಹೊಸದನ್ನು ತುಂಬುವಂತೆ ಮಾಡಿದ್ದರು. ಆ ಮನೆಯವರದೇ ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ಷಫಿ, ತಂತ್ರಾಂಶವನ್ನು ಮುಚ್ಚದೆಯೇ ಮದುವೆಯ ವಿಡಿಯೊಗೆ ಕೈಹಾಕಿದ್ದರು; ಕ್ಯಾಸೆಟ್ಟಿನಲ್ಲಿದ್ದ ಅಪ್ಪ ಅದರಲ್ಲಿ ಉಳಿದುಬಿಟ್ಟಿದ್ದರು.

"ಮುಚ್ಚಿದ್ರೆ ಮತ್ತೆ ತೆಗೆಯೋಕೆ ಲೇಟು ಸಾರ್."

ತಿದ್ದಿದೆ. ಅಪ್ಪ ಮಾಯವಾದರು. ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗಿಯ ತಾಯಿ ಎದ್ದು ಬಂದರು.

"ಯಾಕಪ್ಪಾ ಕಳಿಸ್ಬಿಟ್ಟೆ? ಸಂಜೆ ಮಗಳು ಬರ್ತಾಳೆ, ಒಂದ್ಸಲ ನೋಡ್ಲಿ ಅಂತಿದ್ದೆ."

"ಅದು ಕ್ಯಾಸೆಟ್ಟಿನ ಚಿತ್ರ ಅಮ್ಮಾ, ಅಷ್ಟೇ."

"ಕ್ಯಾಸೆಟ್ಟಲ್ಲಿ ಅವ್ರು ಮುಖಾನೇ ತೋರ್ಸಿಲ್ಲ. ಕ್ಯಾಮೆರಾ ಅಂದ್ರೆ ತಿರುಗ್ಬಿಡೋರು."

ತಿದ್ದುವ ಮುಂಚಿನ ಆವೃತ್ತಿಯನ್ನು ಮತ್ತೆ ಹಾಕಿ, ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದೆವು. ಎಲ್ಲೆಲ್ಲೂ ಬೆನ್ನೇ. ಆಮೇಲೆ ಮದುವೆ ಓಡಿಸಿದೆವು. ಅಪ್ಪ ಬಂದರು, ಮಗಳನ್ನೇ ನೋಡುತ್ತ. ಬೆನ್ನಿನ ಚಿತ್ರದಿಂದ ಮುಖ ತರುವ ದೋಷ ಯಾವುದೂ ನನಗೆ ಗೊತ್ತಿಲ್ಲ.

ಮನೆಗೆ ಬಂದು, "ಕಾರಣ ಪತ್ತೆಯಾಗಿದೆ, ಸರಿಪಡಿಸಲಾಗಿದೆ" ಎಂದು ಬರೆದು ದೂರನ್ನು ಮುಗಿಸಿದೆ. ಆ ತಿದ್ದುಪಡಿ ಜಗತ್ತಿಗೆಲ್ಲ ಹೋಯಿತು, ಷಫಿಯ ಕಂಪ್ಯೂಟರಿಗೆ ಮಾತ್ರ ಹೋಗಿಲ್ಲ. ಹಳೆಯ ಕ್ಯಾಸೆಟ್ ಹಿಡಿದು ಬರುವ ಗಿರಾಕಿಗಳು ಈಗ ಜಾಸ್ತಿಯಾಗಿದ್ದಾರಂತೆ.