ನಳಕ್ಕೆ ಹಚ್ಚಿದ ಕುಂಕುಮ

ಬಾರದ ನೀರನ್ನು ಬಂದಿದೆ ಎಂದು ಬರೆದಿಟ್ಟವರು ನೀವು. ಅದಕ್ಕೆ ನನ್ನ ಫೋಟೋವನ್ನು ಸಾಕ್ಷಿ ಮಾಡಿಕೊಂಡವರೂ ನೀವೇ. ನಳದ ನೀರಿನ ಹೊಣೆ ಹೊತ್ತು ಕುರ್ಚಿಯಲ್ಲಿ ಕುಳಿತವರಿಗೇ ಈ ಮಾತು ಹೇಳುತ್ತಿದ್ದೇನೆ. ಆ ಫೋಟೋದಲ್ಲಿರುವ ನೀರು ನಾವು ಹೊತ್ತು ತಂದದ್ದು. ಆ ದೃಶ್ಯವನ್ನು ಕಟ್ಟಿದವಳು ನಾನು.

ನಾನು ಛಾಯಾಗ್ರಹಣ ಕಲಿಯುವ ವಿಶ್ವವಿದ್ಯಾಲಯದಲ್ಲಿ ನಮ್ಮ ಅಧ್ಯಾಪಕರು ಒಂದು ಮಧ್ಯಾಹ್ನ ಕಿಟಕಿಗಳಿಗೆ ಪರದೆ ಎಳೆದು ಗೋಡೆಯ ಮೇಲೆ ಕೆಲವು ಛಾಯಾಚಿತ್ರಗಳನ್ನು ತೋರಿಸಿದ್ದರು. ಒಂದರಲ್ಲಿ ಮಂಚದ ಅಂಚಿಗೆ ಕುಳಿತ ಹೆಂಗಸು, ತೆರೆದ ಬಾಗಿಲು, ಹೊರಗೆ ತೊಯ್ದ ಬೀದಿ. ಸಿನಿಮಾವೊಂದನ್ನು ನಡುವೆ ನಿಲ್ಲಿಸಿದಂತಿತ್ತು. ಆದರೆ ಅದರ ಹಿಂದೆ ಮುಂದೆ ಸಿನಿಮಾವೇ ಇರಲಿಲ್ಲ. ಬೀದಿಗೆ ನೀರು ಹೊಯ್ಯಿಸಿದ್ದರು, ಬೆಳಕನ್ನು ಹೊರಗಿನಿಂದ ಬಿಟ್ಟಿದ್ದರು, ಹೆಂಗಸನ್ನು ಅಲ್ಲಿ ಕೂರಿಸಿದ್ದರು. ಅಷ್ಟೆಲ್ಲ ಕಟ್ಟಿದ ಮೇಲೂ ಅವಳ ಮುಖದಲ್ಲಿ ಕಟ್ಟಲಾಗದ್ದೇನೋ ಉಳಿದಿತ್ತು. ನನಗೆ ಅದು ಹೊಸದೆನಿಸಲಿಲ್ಲ. ಶಹಾಪುರದ ಸ್ಟುಡಿಯೋದಲ್ಲಿ ತೆಗೆಸಿದ ಅಜ್ಜಿಯ ಫೋಟೋ ನಮ್ಮ ಮನೆಯಲ್ಲಿದೆ: ಹಿಂದಿನ ಪರದೆಯ ಮೇಲೆ ಬಣ್ಣದ ಕಾರಂಜಿ, ಕಿವಿಗೆ ಹಿಡಿದ, ತಂತಿ ಎಲ್ಲಿಗೂ ಹೋಗದ ಟೆಲಿಫೋನು. ಅವಳು ಒಮ್ಮೆಯೂ ಫೋನಿನಲ್ಲಿ ಮಾತಾಡಿದವಳಲ್ಲ. ಆದರೂ ಯಾರ ಮಾತನ್ನೋ ಆಲಿಸುತ್ತಿರುವ ಆ ಕಣ್ಣುಗಳನ್ನು ನಾನು ನಂಬಿ ಬೆಳೆದಿದ್ದೆ.

ಹಾಗಾಗಿ ನಾನೂ ಒಂದು ಚಿತ್ರ ಕಟ್ಟಲು ಹೊರಟೆ. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ ನನ್ನ ತಾಯಿಯ ತಂಗಿ, ಚಿಗವ್ವ, ಇರುತ್ತಾಳೆ. ಅವಳ ಮನೆ ಮುಂದೆ ನಿಮ್ಮವರು ನಳ ನೆಟ್ಟು ಹೋಗಿದ್ದರು. ನೀರು ಒಂದು ದಿನವೂ ಬಂದಿರಲಿಲ್ಲ. ನೋಯುವ ಮೊಣಕಾಲಿನಲ್ಲೇ ಅವಳು ಓಣಿಯಾಚೆಯ ಕೈಪಂಪಿನಿಂದ ದಿನವೂ ಕೊಡ ಹೊರುತ್ತಿದ್ದಳು. ಆ ನಳದಲ್ಲಿ ನೀರು ಬಂದ ಕ್ಷಣವೇ ನನ್ನ ಚಿತ್ರ. ಮಾಳಿಗೆಯ ಮೇಲೆ ಡ್ರಮ್ಮು ಇಟ್ಟು, ಕೈಪಂಪಿನ ನೀರು ತುಂಬಿಸಿ, ಗೋಡೆಯ ಹಿಂದಿನಿಂದ ಪೈಪು ಇಳಿಸಿ ನಳಕ್ಕೆ ಜೋಡಿಸಿದೆವು. ಓಣಿಯ ಹೆಂಗಸರು ಮದುವೆಯ ಸೀರೆ ಉಟ್ಟು ಬಂದರು. ಇಳಿಬಿಸಿಲು ಓರೆಯಾಗಿ ಬೀಳುವವರೆಗೆ ಅವರನ್ನು ಸಾಲಾಗಿ ನಿಲ್ಲಿಸಿದೆ.

"ಸಿನಿಮಾ ಅಂದಮ್ಯಾಲ ಹೀರೋ ಎಲ್ಲಿ ಅದಾನ ಬೇಟಿ? ಕಾಲು ನೋಯಾಕತ್ತಾವ, ಲಗೂ ಕರಸು," ಎಂದರು ಓಣಿಯವರೆಲ್ಲ ಖಾಲಾ ಎಂದು ಕರೆಯುವ ಎದುರುಮನೆಯಾಕೆ.

"ನಳಾನ ಹೀರೋ. ನಿನ್ನಂಗ ಭಾಳ ನಖರಾ ಅದ ಅವಂದು, ಕರದ್ರ ಬರಂಗಿಲ್ಲ," ಎಂದಳು ಚಿಗವ್ವ.

ನೀರು ಬಿಟ್ಟೆ. ಆಗ ನಾನು ಹೇಳಿಕೊಡದ ಒಂದು ಕೆಲಸ ನಡೆಯಿತು. ಚಿಗವ್ವ ಒಳಗೆ ಓಡಿ ಅರಿಶಿನ ಕುಂಕುಮ ತಂದು ನಳಕ್ಕೆ ಹಚ್ಚಿದಳು, ತೆಂಗಿನಕಾಯಿ ಒಡೆದಳು. ಹೊಸ ನೀರು ಬಂದರೆ ಗಂಗವ್ವನ ಪೂಜೆಯಾಗದೆ ಕೊಡ ತುಂಬಿಸುವ ರೂಢಿ ನಮ್ಮಲ್ಲಿಲ್ಲ.

"ಚಿಗವ್ವ, ಇದು ನಾವ ತಂದು ಹಾಕಿದ ನೀರು," ಎಂದೆ.

"ನಳದಾಗಿಂದ ಬಂದದ್ದು ಹೌದಲ್ಲ? ಸುಮ್ಮ ಫೋಟೋ ಹೊಡಿ."

ಹೊಡೆದೆ. ಕಟ್ಟಲಾಗದ್ದು ಅವಳ ಮುಖದಲ್ಲಿ ತಾನಾಗಿಯೇ ಬಂದಿತ್ತು.

ಯಾದಗಿರಿಯ ವಿದ್ಯಾರ್ಥಿ ಪ್ರದರ್ಶನಕ್ಕೆ ನಿಮ್ಮಲ್ಲೊಬ್ಬರು ಅತಿಥಿಯಾಗಿ ಬಂದು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕಚೇರಿಗೊಂದು ಪ್ರತಿ ಕೇಳಿದರು. ಇಂಥ ಚಿತ್ರದ ಕೆಳಗೆ ವಿವರಣೆ ಬರೆಯಬಾರದು, ನೋಡುವವರೇ ಕಥೆ ಕಂಡುಕೊಳ್ಳಬೇಕು ಎಂದು ನಾನು ಕಲಿತಿದ್ದೆ. ಒಂದು ಸಾಲೂ ಬರೆಯದೆ, ಹೆಮ್ಮೆಯಿಂದ ಕೊಟ್ಟೆ. ನೀವು ಕಥೆ ಕಂಡುಕೊಂಡಿರಿ.

ಕೆಲವು ತಿಂಗಳ ನಂತರ, ನೀರಿಲ್ಲವೆಂಬ ಅರ್ಜಿ ಹಿಡಿದು ಚಿಗವ್ವನ ಜೊತೆ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಅವಳ ಮುಖ ನೋಡಿದರು, ಆಮೇಲೆ ತಮ್ಮ ಹಿಂದಿನ ಗೋಡೆ ನೋಡಿದರು. ಅಲ್ಲಿ ನನ್ನ ಚಿತ್ರವಿತ್ತು. ಕೆಳಗೆ 'ಮನೆಬಾಗಿಲಿಗೆ ನೀರು: ಗಂಗಾಪೂಜೆಯ ಸಂಭ್ರಮ' ಎಂದು ಬರೆಸಿದ್ದಿರಿ.

"ಇಕಿ ನೀನ ಅಲ್ಲೇನವ್ವ? ಕಾಯಿ ಒಡದಾಕಿ ನೀನ, ನೀರಿಲ್ಲ ಅನ್ನಾಕಿನೂ ನೀನ?"

"ಅದು ಫೋಟೋಕ್ಕಂತ ತಂದಿದ್ದ ನೀರ್ರಿ ಸಾಹೇಬ್ರ," ಎಂದಳು ಚಿಗವ್ವ.

ನಾನು ಫೋನು ತೆರೆದು ಡ್ರಮ್ಮು, ಪೈಪು ಎಲ್ಲ ತೋರಿಸಿದೆ. ಅದು ಕಲೆ, ಕಟ್ಟಿದ ದೃಶ್ಯ ಎಂದೆ.

"ಡ್ರಮ್ಮು ಯಾರ ಮನ್ಯಾಗ ಇಲ್ಲ ಹೇಳ್ರಿ? ನೀರಿಲ್ಲದ ನಳಕ್ಕ ಯಾರರ ಪೂಜಿ ಮಾಡ್ತಾರೇನ್ರಿ?" ಎಂದು ಅವರು ಅರ್ಜಿಯನ್ನು ಮರಳಿ ನನ್ನ ಕಡೆಗೆ ಸರಿಸಿದರು.

ಬೆಳಕು, ಚೌಕಟ್ಟು, ದೃಶ್ಯ, ನಾನು ಕಲಿತ ಯಾವ ಶಬ್ದವೂ ಆ ಮೇಜನ್ನು ದಾಟಲಿಲ್ಲ. ಹೊರಗೆ ಬಂದ ಮೇಲೆ ಚಿಗವ್ವ ಬೈಯಲೂ ಇಲ್ಲ. "ಫೋಟೋ ಮಾತ್ರ ಚೊಲೋ ಬಂದಾದ ಬಿಡವ್ವ," ಎಂದಳು. ಬೈದಿದ್ದರೆ ಹಗುರಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಅವಳ ಹಿಂದೆ ಕೊಡ ಹೊತ್ತು ಓಣಿ ದಾಟಿದೆ. ಅದಕ್ಕಿಂತ ಹೆಚ್ಚಿನದು ನನ್ನಿಂದಾಗಲಿಲ್ಲ.

ನನ್ನ ತಪ್ಪನ್ನು ಒಪ್ಪಿಕೊಂಡಿದ್ದೇನೆ: ಬರೆಯಬೇಕಾದ ಒಂದು ಸಾಲನ್ನು ಬರೆಯಲಿಲ್ಲ. ನೀವಾದರೋ ಒಬ್ಬರನ್ನೂ ಆ ಓಣಿಗೆ ಕಳಿಸಿ ನಳ ತಿರುಗಿಸಿ ನೋಡಿಸಲಿಲ್ಲ. ಆದ್ದರಿಂದ ಆ ಚಿತ್ರವನ್ನು ಗೋಡೆಯಿಂದ ಇಳಿಸಬೇಕು. ಸ್ಥಳಕ್ಕೆ ಬಂದು ಪರಿಶೀಲಿಸಿ ನೀರು ಬಿಡುವ ಕ್ರಮ ಕೈಗೊಳ್ಳಬೇಕು. ಅರ್ಜಿಯನ್ನು ಯಾವ ಆಧಾರದ ಮೇಲೆ ಮರಳಿಸಿದಿರಿ ಎಂಬುದನ್ನು ಚಿಗವ್ವನಿಗೆ ಲಿಖಿತವಾಗಿ ತಿಳಿಸಬೇಕು ಎಂದು ವಿನಂತಿಸುತ್ತೇನೆ. ಆ ಉತ್ತರದ ಜೊತೆ ದಯವಿಟ್ಟು ಫೋಟೋ ಲಗತ್ತಿಸಬೇಡಿ.